ಉಣ್ಣುವ ಹೊತ್ತು ಯಾರದು?

ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ನಾನು ಮನೆ ಕಟ್ಟಿಸುತ್ತಿದ್ದಾಗ, ಸ್ಲ್ಯಾಬು ಹಾಕಿದ ದಿನ ಕೇಳಿದ ಒಂದು ಮಾತನ್ನು ತಮ್ಮ ಮುಂದೆ ಇಡಬೇಕಾಗಿದೆ. ಮುಂಜಾನೆ ಎಂಟಕ್ಕೆ ಆರಂಭವಾದ ಕೆಲಸ ಮಧ್ಯಾಹ್ನ ಎರಡಾದರೂ ನಿಂತಿರಲಿಲ್ಲ. ಕಾಂಕ್ರೀಟಿನ ಪುಟ್ಟಿಗಳು ಕೈಯಿಂದ ಕೈಗೆ ಏರುತ್ತಲೇ ಇದ್ದವು. ಹೆಣ್ಣಾಳುಗಳ ರೊಟ್ಟಿಯ ಗಂಟುಗಳು ಬೇವಿನ ಗಿಡದ ಬುಡದಲ್ಲಿ ಬಿಚ್ಚದೆಯೇ ಉಳಿದಿದ್ದವು. ನಾನಾದರೋ ಸ್ನಾನ, ಇಷ್ಟಲಿಂಗಪೂಜೆ, ಊಟ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮುಗಿಸಿ ಬಂದವನು. ಅವರ ಬಾಡಿದ ಮುಖಗಳನ್ನು ಕಂಡು, ಹುರುಪು ತುಂಬಲೆಂದು, “ಕಾಯಕದಾಗ ಕೈಲಾಸ ಕಾಣಬೇಕವ್ವಾ” ಎಂದೆ. ಹಿರಿಯ ಹೆಣ್ಣುಮಗಳೊಬ್ಬಳು ತಲೆಯ ಮೇಲಿನ ಪುಟ್ಟಿಯನ್ನು ಇಳಿಸದೆಯೇ ಕೇಳಿದಳು: “ಹೌದ್ರೀ ಯಪ್ಪಾ, ಕೈಲಾಸದಾಗ ಉಣ್ಣಾಕ ಬಿಡಂಗಿಲ್ಲೇನ್ರಿ?”

ಎಲ್ಲರೊಡನೆ ನಾನೂ ನಕ್ಕೆ. ರಾತ್ರಿ ನಗು ಬರಲಿಲ್ಲ.

ಸ್ಲ್ಯಾಬನ್ನು ಅರ್ಧಕ್ಕೆ ನಿಲ್ಲಿಸಬಾರದು, ನಿಲ್ಲಿಸಿದರೆ ಹಳೆಯ ಪದರಕ್ಕೂ ಹೊಸ ಪದರಕ್ಕೂ ಬೆಸುಗೆ ಕೂಡುವುದಿಲ್ಲ ಎಂದು ಮೇಸ್ತ್ರಿ ಹೇಳಿದ್ದು ದಿಟ. ಆದರೆ ಕೆಲಸ ನಿಲ್ಲಬಾರದೆಂದರೆ ಊಟವೂ ನಿಲ್ಲಬೇಕೆಂದು ಅರ್ಥವಲ್ಲ. ಆರು ಆಳುಗಳು ಹೆಚ್ಚಿದ್ದರೆ ಒಂದು ತಂಡ ಉಣ್ಣುವಾಗ ಇನ್ನೊಂದು ತಂಡ ಹೊರುತ್ತಿತ್ತು. ಆ ಆರು ಪಗಾರಗಳನ್ನು ಉಳಿಸಿದವನು ನಾನು. ಕೆಲಸದ ಅಗತ್ಯವೆಂದು ನಾನು ಕರೆದದ್ದು ನನ್ನ ಚೀಲದ ಅಗತ್ಯವಾಗಿತ್ತು.

ಇಲ್ಲಿ ಶರಣತತ್ತ್ವವನ್ನು ಬಲ್ಲ ತಾವು ಒಂದು ಆಕ್ಷೇಪವನ್ನು ಎತ್ತಬಹುದು. ನುಲಿಯ ಚಂದಯ್ಯನವರು ಹಗ್ಗಕ್ಕಾಗಿ ಹುಲ್ಲು ಕೊಯ್ಯುವಾಗ ಕೊರಳ ಲಿಂಗವೇ ಜಾರಿ ಬಿದ್ದರೂ ಕಾಯಕವನ್ನು ಬಿಡಲಿಲ್ಲವೆಂದು ಪುರಾಣಕಥೆ ಹೇಳುತ್ತದೆ. ಲಿಂಗಕ್ಕಾಗಿಯೇ ನಿಲ್ಲದ ಕಾಯಕವು ರೊಟ್ಟಿಗಾಗಿ ನಿಲ್ಲಬೇಕೇ? ಈ ಪ್ರಶ್ನೆಯನ್ನು ನಾನೂ ಬಹುಕಾಲ ಸರಿಯೆಂದೇ ನಂಬಿದ್ದೆ. ಆದರೆ ಚಂದಯ್ಯನವರ ಕುಡುಗೋಲು ಚಂದಯ್ಯನವರದೇ. ಹುಲ್ಲು, ಹಗ್ಗ, ಅದನ್ನು ಮಾರಿ ನಡೆಸಿದ ಜಂಗಮದಾಸೋಹ, ಎಲ್ಲವೂ ಅವರವೇ. ಅವರ ತಲೆಯ ಮೇಲೆ ಗಡಿಯಾರ ಹಿಡಿದು ನಿಂತ ಯಜಮಾನನಿರಲಿಲ್ಲ. ತಾನಾಗಿ ತೊರೆದರೆ ಅದು ತ್ಯಾಗ. ಇನ್ನೊಬ್ಬನಿಂದ ತೊರೆಯಿಸಿದರೆ ಅದಕ್ಕೆ ಬೇರೆ ಹೆಸರುಂಟು. ಚಂದಯ್ಯನವರ ಕಥೆಯನ್ನು ನಾವು ನಮಗೇ ಹೇಳಿಕೊಳ್ಳಬೇಕಲ್ಲದೆ ನಮ್ಮ ಆಳುಗಳಿಗೆ ಹೇಳಲು ಅಧಿಕಾರವಿಲ್ಲ.

ಯಜಮಾನರಾದ ನಮಗೆ ಒಪ್ಪುವ ಕಥೆ ಆಯ್ದಕ್ಕಿ ಲಕ್ಕಮ್ಮನವರದು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ತಂದರು. ಆ ತಾಯಿ ಹಿಗ್ಗಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಕಳಿಸಿದರು. ಕೂಲಿಯವಳ ಊಟದ ಹೊತ್ತಿನಿಂದ ನಾನು ಉಳಿಸಿಕೊಂಡ ಅರ್ಧ ಗಂಟೆ ಆ ಹೆಚ್ಚಿನ ಅಕ್ಕಿಯಲ್ಲವೇ? ಅಕ್ಕಿಯನ್ನಾದರೆ ಮರಳಿ ಸುರಿಯಬಹುದು. ಹೊತ್ತನ್ನು ಎಲ್ಲಿ ಸುರಿಯುವುದು?

ಈ ಅರ್ಧ ಗಂಟೆ ಯಾರ ಕರುಣೆಯಿಂದಲೂ ಬಂದದ್ದಲ್ಲ. ಮಹಾತ್ಮಾ ಜೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಮುಂಬಯಿಯ 5,000ಕ್ಕೂ ಹೆಚ್ಚು ಗಿರಣಿ ಕೆಲಸಗಾರರ ಸಹಿಯೊಡನೆ ಬೇಡಿಕೆ ಸಲ್ಲಿಸಿದರು: ವಾರಕ್ಕೊಂದು ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು. 1891ರ ಕಾಯಿದೆಯಲ್ಲಿ ಅದು ಕೈಗೂಡಿತು. ಅಂದು ನಮ್ಮ ಹುಬ್ಬಳ್ಳಿಯೂ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ಸ್ವಾತಂತ್ರ್ಯಾನಂತರ 1948ರ ಕಾರ್ಖಾನೆ ಕಾಯಿದೆಯ 55ನೆಯ ಕಲಮು ಐದು ಗಂಟೆ ದುಡಿಸುವುದರೊಳಗೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಲೇಬೇಕೆಂದು ವಿಧಿಸಿತು. 2023ರಲ್ಲಿ ನಮ್ಮ ರಾಜ್ಯ ಅದನ್ನು ತಿದ್ದಿ, ವಾರಕ್ಕೆ 48 ಗಂಟೆಯ ಮಿತಿಯನ್ನಿಟ್ಟುಕೊಂಡೇ, ದಿನದ ದುಡಿಮೆಯನ್ನು 12 ಗಂಟೆಯವರೆಗೆ ಹಿಗ್ಗಿಸಲು ದಾರಿ ಮಾಡಿತು. ಕೇರಳದಲ್ಲಿ ಬಟ್ಟೆಯಂಗಡಿಯ ಹೆಣ್ಣುಮಕ್ಕಳು ಬರಿಯ ಕುಳಿತುಕೊಳ್ಳುವ ಹಕ್ಕಿಗಾಗಿಯೇ ಹೋರಾಡಬೇಕಾಯಿತು. 2018ರಲ್ಲಿ ಅದು ಕಾಯಿದೆಯಾಯಿತು. ಕಟ್ಟಡ ಕಾರ್ಮಿಕರಿಗೆಂದು 1996ರಲ್ಲಿ ಬಂದ ಕಾಯಿದೆಯು 10 ಲಕ್ಷ ರೂಪಾಯಿಯೊಳಗೆ ಕಟ್ಟುವ ಸ್ವಂತ ಮನೆಯನ್ನು ಹೊರಗಿಟ್ಟಿತ್ತು. ನಮ್ಮಂಥ ಸಣ್ಣ ಯಜಮಾನರನ್ನು ಆಚಾರಕ್ಕೆ ಬಿಟ್ಟಿತೆಂದು ತಿಳಿಯೋಣವೇ?

ಕಾಯಿದೆಯ ಕೈ ಮುಟ್ಟದ ತಾಣಗಳು ನಮ್ಮಲ್ಲಿ ಬಹಳ. ನಮ್ಮ ಮನೆಗಳಲ್ಲಿ ಮುಸುರೆ ತಿಕ್ಕುವವಳು ಮೂರು ಮನೆ ಮುಗಿಸಿ ನಾಲ್ಕನೆಯದಕ್ಕೆ ಬರುವಾಗ ಉಂಡಿರುವಳೋ ಇಲ್ಲವೋ ಎಂದು ಕೇಳಿದವರೆಷ್ಟು ಮಂದಿ?

ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ಗೆಳೆಯರಿಗೆ ಇನ್ನೊಂದು ಮಾತು. ಪ್ರಸಾದದ ಗಂಟೆ ಬಾರಿಸಿದೊಡನೆ ನಾವು ಸಾಲುಗಟ್ಟಿ ಕೂಡುತ್ತಿದ್ದೆವು. ಒಲೆಯ ಮುಂದಿನವರಿಗೆ ಯಾವ ಗಂಟೆ ಬಾರಿಸುತ್ತಿತ್ತು? ಎಲ್ಲರೂ ಉಂಡ ಮೇಲೆ ಉಣ್ಣುವುದು ಸೇವೆಗೆ ನಿಂತ ಭಕ್ತನಿಗೆ ಭೂಷಣ. ಜಾತ್ರೆಯ ದಾಸೋಹಕ್ಕೆ ದಿನಗೂಲಿಯ ಮೇಲೆ ಬಂದ ಅಡಿಗೆಯವನಿಗೆ ಅದು ಬರಿಯ ಹಸಿವು. ಬರುವ ಜಾತ್ರೆಯಲ್ಲಿ ನಾವು ಇಪ್ಪತ್ತು ಜನ ಹಳೆಯ ವಿದ್ಯಾರ್ಥಿಗಳು ಹನ್ನೆರಡೂವರೆಗೆ ಅಡಿಗೆಮನೆಗೆ ಹೋಗಿ ಸವಟುಗಳನ್ನು ಕೈಗೆ ತೆಗೆದುಕೊಂಡು, ಅಲ್ಲಿಯವರನ್ನು ಮೊದಲ ಪಂಕ್ತಿಯಲ್ಲಿ ಕೂಡಿಸೋಣವೆಂದು ಮಾತಾಡಿಕೊಂಡಿದ್ದೇವೆ. ಹುಗ್ಗಿ ತಳ ಹತ್ತದಂತೆ ತಿರುವಬಲ್ಲವರು ನಮ್ಮಲ್ಲಿ ಇಬ್ಬರೇ ಇದ್ದಾರೆ. ಬಲ್ಲವರು ಮುಂಚಿತವಾಗಿ ಹೆಸರು ಕೊಡಬೇಕಾಗಿ ವಿನಂತಿ.