ಹಾಡು ಹೇಳಿಕೊಡುವವರಿಲ್ಲದ ಹಕ್ಕಿ

ಆಗ್ನೇಯ ಆಸ್ಟ್ರೇಲಿಯಾದ ನೀಲಗಿರಿ ಮರಗಳ ಕಾಡುಗಳಲ್ಲಿ ರೀಜೆಂಟ್ ಹನಿಈಟರ್ ಎಂಬ ಕಪ್ಪು-ಹಳದಿ ಹಕ್ಕಿಯಿದೆ. ಹೂಬಿಟ್ಟ ಮರಗಳನ್ನು ಅರಸುತ್ತ ಒಂದು ಕಾಲಕ್ಕೆ ನೂರಾರರ ಹಿಂಡುಗಳಲ್ಲಿ ಅಲೆಯುತ್ತಿದ್ದ ಇವು ಈಗ ಕಾಡಿನಲ್ಲಿ ಸುಮಾರು 300 ಮಾತ್ರ ಉಳಿದಿವೆ. ರಾಸ್ ಕ್ರೇಟ್ಸ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತಿದೆ. ಗಂಡುಗಳಲ್ಲಿ ಶೇ. 12ರಷ್ಟಕ್ಕೆ ತಮ್ಮ ಜಾತಿಯ ಹಾಡೇ ಬಾರದು. ಅವು ಫ್ರಯರ್‌ಬರ್ಡ್, ಕರವಾಂಗ್‌ಗಳಂಥ ನೆರೆಯ ಹಕ್ಕಿಗಳ ಧ್ವನಿಯನ್ನು ಹಾಡುತ್ತಿವೆ. ಮರಿ ಸಾಕುವ ದಿನಗಳಲ್ಲಿ ತಂದೆ ಹಕ್ಕಿ ಗೂಡಿನ ಬಳಿ ಹೆಚ್ಚು ಹಾಡುವುದಿಲ್ಲ. ಮರಿ ಕಲಿಯಬೇಕಾದದ್ದು ರೆಕ್ಕೆ ಬಲಿತ ಮೇಲೆ, ಬೇರೆ ಹಿರಿಯ ಗಂಡುಗಳಿಂದ. ಆ ಹಿರಿಯರು ಈಗ ಕೂಗಳತೆಯಲ್ಲಿಲ್ಲ.

ಅಳಿವು ಎಂದರೆ ಕೊನೆಯ ಹಕ್ಕಿ ಸಾಯುವುದು ಎಂದೇ ನಾವು ತಿಳಿದಿದ್ದೇವೆ. ಹಕ್ಕಿ ಬದುಕಿರುವಾಗಲೇ ಅಳಿವು ನಡೆಯಬಲ್ಲದು ಎಂಬುದು ನನ್ನ ವಾದ.

ಹಕ್ಕಿ ತನ್ನ ಹಾಡನ್ನೇ ಕಳೆದುಕೊಳ್ಳಬಲ್ಲದು ಎಂಬುದನ್ನು ಕೋಗಿಲೆಯನ್ನು ಕಂಡ ನಮಗೆ ಒಪ್ಪಲು ಕಷ್ಟ. ಕಾಗೆಯ ಗೂಡಿನಲ್ಲಿ ಕಾಗೆಯ ತುತ್ತು ತಿಂದು ಬೆಳೆದರೂ ಅದು ಕೋಗಿಲೆಯಂತೆಯೇ ಕೂಗುತ್ತದೆ. ಕಂಠ ಹುಟ್ಟಿನಿಂದಲೇ ಬಂದದ್ದು ಅನ್ನಿಸುತ್ತದೆ. ಕೋಗಿಲೆಯ ಮಟ್ಟಿಗೆ ಅದು ನಿಜ, ಎಲ್ಲ ಹಕ್ಕಿಗಳ ಮಟ್ಟಿಗೆ ಅಲ್ಲ. 1950ರ ದಶಕದಲ್ಲಿ ಕೇಂಬ್ರಿಜ್‌ನ ವಿಲಿಯಂ ಥಾರ್ಪ್ ಚಾಫಿಂಚ್ ಮರಿಗಳನ್ನು ಹಿರಿಯರ ಹಾಡು ಕಿವಿಗೆ ಬೀಳದಂತೆ ಸಾಕಿದರು. ದೊಡ್ಡವಾದ ಮೇಲೆ ಅವು ಹಾಡಿದವು ನಿಜ, ಆದರೆ ಅದು ಬಡಕಲು ಹಾಡು. ಅಮೆರಿಕದ ಬಿಳಿನೆತ್ತಿಯ ಗುಬ್ಬಿಗಳ ಮೇಲೆ ಪೀಟರ್ ಮಾರ್ಲರ್ ನಡೆಸಿದ ಪ್ರಯೋಗಗಳು ಇನ್ನೂ ಸೂಕ್ಷ್ಮವಾದದ್ದನ್ನು ತೋರಿಸಿದವು. ಎಳೆಯ ದಿನಗಳಲ್ಲಿ ಕೇಳಿದ್ದೇ ಮುಂದೆ ಹಾಡಾಗುತ್ತದೆ. ತನ್ನ ಜಾತಿಯ ಹಾಡನ್ನೂ ಬೇರೆಯದನ್ನೂ ಕೇಳಿಸಿದರೆ ಮರಿ ತನ್ನದನ್ನೇ ಆರಿಸಿಕೊಳ್ಳುತ್ತದೆ. ಅಂದರೆ ಹುಟ್ಟಿನಿಂದ ಬರುವುದು ಹಾಡಲ್ಲ, ಯಾವುದಕ್ಕೆ ಕಿವಿಗೊಡಬೇಕೆಂಬ ಒಲವು. ಹುಟ್ಟುಗುಣವೋ ಕಲಿಕೆಯೋ ಎಂಬ ಹಳೆಯ ಜಗಳ ಇಲ್ಲಿ ಅರ್ಥ ಕಳೆದುಕೊಳ್ಳುತ್ತದೆ. ಒಲವಿದ್ದೂ ಕೇಳಿಸಿಕೊಳ್ಳಲು ತನ್ನವರು ಯಾರೂ ಇಲ್ಲದಿದ್ದರೆ? ಹನಿಈಟರ್ ಮರಿಗೆ ಒದಗಿರುವುದು ಆ ಸ್ಥಿತಿ.

ಹಾಡು ಬದಲಾಗುವುದು ಸಹಜವಲ್ಲವೇ ಎಂದು ಕೇಳಬಹುದು. ಹೌದು. ಕೆನಡಾದಲ್ಲಿ ಬಿಳಿಕೊರಳ ಗುಬ್ಬಿಗಳ ಹಾಡಿನ ಕೊನೆ ಮೂರು ಸ್ವರಗಳಿಂದ ಎರಡಕ್ಕೆ ಇಳಿಯಿತು. ಆ ಹೊಸ ಬಗೆ ಪಶ್ಚಿಮದಿಂದ ಪೂರ್ವದವರೆಗೆ ಹಬ್ಬಿತು. ಅದನ್ನು ನಾನು ನಷ್ಟ ಎನ್ನಲಾರೆ. ಅಲ್ಲಿ ಹೊಸತು ಒಂದು ಹಕ್ಕಿಯಿಂದ ಇನ್ನೊಂದಕ್ಕೆ ದಾಟಿದೆ, ಕೇಳುವವರ ನಡುವೆಯೇ ಬೆಳೆದಿದೆ. ಎರವಲು ಹಾಡಿನ ಹನಿಈಟರ್‌ಗೆ ಕೇಳುವವರೂ ಇಲ್ಲ: ವಿಚಿತ್ರವಾಗಿ ಹಾಡುವ ಗಂಡುಗಳಿಗೆ ಸಂಗಾತಿ ಸಿಗುವುದು ಕಡಿಮೆ ಎಂದು ಅದೇ ಅಧ್ಯಯನ ಕಂಡುಕೊಂಡಿತು. ಹಾಡು ಹಾಡುವವನ ಗಂಟಲಿನಲ್ಲಿ ಎಷ್ಟಿದೆಯೋ ಕೇಳುವವಳ ಗುರುತಿನಲ್ಲೂ ಅಷ್ಟೇ ಇದೆ.

ಸಿಡ್ನಿಯ ಟರೋಂಗಾ ಮೃಗಾಲಯದಲ್ಲಿ ಹುಟ್ಟಿದ ಹನಿಈಟರ್ ಮರಿಗಳಿಗೆ ತಮ್ಮ ಜಾತಿಯ ಹಾಡು ಕಲಿಸಲು ಮೊದಲು ಅದರ ಧ್ವನಿಮುದ್ರಿಕೆ ಕೇಳಿಸಿದರು. ಆಮೇಲೆ ಕಾಡಿನಲ್ಲಿ ಹುಟ್ಟಿದ ಗಂಡುಗಳನ್ನೇ ಜೊತೆಗಿರಿಸಿದರು. ಮರಿಗಳು ಕಾಡಿನ ಹಾಡನ್ನು ಕಲಿಯತೊಡಗಿದವು. ಆದ್ದರಿಂದ ಒಂದು ಜಾತಿಯನ್ನು ಉಳಿಸಲು ಹೊರಟವರು ತಲೆಗಳನ್ನು ಮಾತ್ರ ಎಣಿಸಿದರೆ ಸಾಲದು. ಹಾಡು ಬಲ್ಲ ಗಂಡುಗಳು ಎಷ್ಟು, ಎಲ್ಲಿವೆ, ಈ ವರ್ಷ ರೆಕ್ಕೆ ಬಲಿತ ಮರಿಗಳಿಗೆ ಅವುಗಳ ದನಿ ತಲಪುತ್ತದೆಯೇ ಎಂಬುದನ್ನೂ ಅದೇ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು.