ಒಂದು ಕಪ್ ಕೇಕು, ಜಂಗಮದ ಪಾಲು

ಒಬ್ಬನೇ ಮಾಡಿ ಒಬ್ಬನೇ ಉಂಡರೆ ಅದು ಪ್ರಸಾದವಾಗುತ್ತದೆಯೇ? ಹೆಂಡತಿ ತೀರಿಕೊಂಡ ಮೇಲೆ ಕುಷ್ಟಗಿಯ ಈ ಮನೆಯಲ್ಲಿ ನನ್ನನ್ನು ಬಿಡದೆ ಕಾಡುತ್ತಿರುವ ಪ್ರಶ್ನೆ ಇದು. ಅನ್ನ ಮಾಡಿಕೊಳ್ಳುವಾಗ ಅಷ್ಟಾಗಿ ಚುಚ್ಚುತ್ತಿರಲಿಲ್ಲ. ಯಾರಾದರೂ ಬಂದಾರು ಎಂದು ಒಂದು ಹಿಡಿ ಅಕ್ಕಿ ಹೆಚ್ಚೇ ಬೀಳುತ್ತಿತ್ತು. ಮಗಳು ಮೈಕ್ರೋವೇವ್ ತಂದಿಟ್ಟು, ಚಹಾ ಕುಡಿಯುವ ದೊಡ್ಡ ಕಪ್‌ನಲ್ಲಿ ಕೇಕು ಮಾಡುವುದನ್ನು ಕಲಿಸಿ ಹೋದಳು ನೋಡಿ, ಆಗ ಕಾಟ ಹೆಚ್ಚಾಯಿತು. ಈ ತಿನಿಸು ಹುಟ್ಟಿದ್ದೇ ಒಬ್ಬನ ಬಾಯಿಗಾಗಿ.

ಮಾಡುವುದು ಸುಲಭ. ನಾಲ್ಕು ಚಮಚ ಗೋಧಿ ಹಿಟ್ಟು, ಎರಡು ಚಮಚ ಬೆಲ್ಲದ ಪುಡಿ, ಚಿಟಿಕೆ ಬೇಕಿಂಗ್ ಪೌಡರ್, ಒಂದು ಚಮಚ ತುಪ್ಪ, ಕಲಸುವಷ್ಟು ಹಾಲು. ನಮ್ಮ ಕಡೆಯ ಸಿಹಿತಿನಿಸು ಮಾದಲಿಗೆ ಹಾಕುವ ಮಸಾಲೆಯನ್ನೇ ಇದಕ್ಕೂ ಹಾಕುತ್ತೇನೆ: ಯಾಲಕ್ಕಿ, ಒಣ ಶುಂಠಿ, ಚೂರು ಜಾಜಿಕಾಯಿ. ಜೊತೆಗೆ ಒಂದು ಲವಂಗ ಕುಟ್ಟಿ ಹಾಕುವುದು ನನ್ನ ಚಟ. ಅರ್ಧ ಕಪ್ ಮೀರದಂತೆ ಹಿಟ್ಟು ಹಾಕಿ 800 ವ್ಯಾಟಿನಲ್ಲಿ 90 ಸೆಕೆಂಡು ಇಟ್ಟರೆ, ಅಷ್ಟರೊಳಗೆ ಕರೆಂಟು ಹೋಗದಿದ್ದರೆ, ಕೇಕು ಉಬ್ಬಿ ನಿಂತಿರುತ್ತದೆ. ಬಣ್ಣ ಬಿಳಿಚಿಕೊಂಡೇ ಇರುತ್ತದೆ. ಹಸಿ ಇರುವ ತನಕ ಹಿಟ್ಟಿನ ಬಿಸಿ ನೀರು ಕುದಿಯುವ ಮಟ್ಟ ದಾಟುವುದಿಲ್ಲ, ಹಾಗಾಗಿ ಮೈ ಕೆಂಪಾಗುವುದಿಲ್ಲ.

"ಬೆಂಕೀನ ಇಲ್ದ ಬೆಂದಿದ್ದು ದೇವರಿಗೆ ನಡಿತೈತೇನ್ರಿ ಕಾಕಾ?" ಎಂದು ಪಕ್ಕದ ಮನೆಯ ಸೊಸೆ ಕೇಳಿದಳು. ಒಳ್ಳೆಯ ಪ್ರಶ್ನೆಯೇ. ಒಳಗಿನ ತರಂಗ ಸೆಕೆಂಡಿಗೆ 245 ಕೋಟಿ ಸಲ ಹಿಂದೆಮುಂದೆ ತೂಗಿ ನೀರಿನ ಕಣಗಳನ್ನು ತಿರುಗಾಡಿಸುತ್ತದೆ. ಆ ತಿಕ್ಕಾಟವೇ ಬಿಸಿ. ಯಜ್ಞ ಮಾಡುವವರಿಗೆ ಅಗ್ನಿಯೇ ದೇವತೆಗಳ ಬಾಯಿ, ಅವರಿಗೆ ಉರಿ ಬೇಕೇ ಬೇಕು. ಹೋಮವನ್ನು ಬದಿಗಿಟ್ಟ ಶರಣರ ದಾರಿಯವರಿಗೆ ಈ ತಕರಾರು ತಟ್ಟುವುದಿಲ್ಲ. ಬಾಳೆಹಣ್ಣನ್ನು ನಾವೇನು ಒಲೆಗಿಟ್ಟು ಅರ್ಪಿಸುತ್ತೇವೆಯೇ?

ಒಬ್ಬನೇ ತಿನ್ನುವ ವಿಚಾರ ಅಷ್ಟು ಸಲೀಸಾಗಿ ಬಗೆಹರಿಯುವುದಿಲ್ಲ. ನನ್ನ ಗೆಳೆಯ, ನಿವೃತ್ತ ಮಾಸ್ತರ, "ಅಂಗೈಯಾಗಿನ ಲಿಂಗಕ್ಕ ತೋರ್ಸಿ ಉಂಡ್ರ ಆತಲ್ಲೋ, ನೀ ಒಬ್ಬ ಎಲ್ಲಿದ್ದಿ?" ಎನ್ನುತ್ತಾನೆ. ಮಾತು ಸುಳ್ಳಲ್ಲ. ಆದರೆ ಗುರು, ಲಿಂಗ, ಜಂಗಮ ಎಂದು ಮೂರು ಹೇಳಿದ್ದಾರೆ. ಜಂಗಮ ಎಂದರೆ ಕಾವಿ ತೊಟ್ಟವರಷ್ಟೇ ಅಲ್ಲ, ಹೊಸ್ತಿಲಿಗೆ ಬಂದವರೆಲ್ಲ ಎಂದು ನಾನು ತಿಳಿದಿದ್ದೇನೆ. ತನಗಾಗಿಯಷ್ಟೇ ಬೇಯಿಸಿಕೊಳ್ಳುವವನನ್ನು ಗೀತೆಯ ಮೂರನೇ ಅಧ್ಯಾಯವೂ ಒಪ್ಪುವುದಿಲ್ಲ.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಹೋದಾಗಲೆಲ್ಲ ಈ ಕಪ್ ನೆನಪಾಗಿ ಸಂಕೋಚವಾಗುತ್ತದೆ. ಹಳ್ಳಿಹಳ್ಳಿಗಳಲ್ಲಿ ಹೆಣ್ಣುಮಕ್ಕಳು ತಟ್ಟಿದ ಜೋಳದ ರೊಟ್ಟಿ, ಮಾದಲಿ ಟ್ರ್ಯಾಕ್ಟರುಗಳಲ್ಲಿ ಮಠಕ್ಕೆ ಬರುತ್ತವೆ. ಯಾರ ರೊಟ್ಟಿ ಯಾರ ತಾಟಿಗೆ ಬಿತ್ತೋ ಯಾರಿಗೂ ಗೊತ್ತಿಲ್ಲ. ಅಲ್ಲಿ ಜನ ಹೆಚ್ಚಾದರೆ ಒಲೆಗೆ ಇನ್ನೊಂದು ಕಟ್ಟಿಗೆ ನೂಕಬಹುದು. ನನ್ನ ಪೆಟ್ಟಿಗೆಗೆ ನೂಕಲು ಕಟ್ಟಿಗೆಯಿಲ್ಲ. ಇರುವ 800 ವ್ಯಾಟನ್ನೇ ಅದು ಹಂಚಬೇಕು. ಎರಡು ಕಪ್ ಇಟ್ಟರೆ ಹೊತ್ತೂ ಹತ್ತಿರಹತ್ತಿರ ಇಮ್ಮಡಿ. ಒಂಟಿ ಮನುಷ್ಯನ ಪಕ್ಷ ವಹಿಸುವ ಯಂತ್ರವಿದು ಎಂದು ನನ್ನ ಗುಮಾನಿ.

ಅದೇ ಗವಿಮಠದ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನವಿದೆ, 1931ರಲ್ಲಿ ಬೆಳಕಿಗೆ ಬಂದದ್ದು. ಉಪಾಸಕನಾದ ಮೇಲೂ ಮೊದಮೊದಲು ತಾನು ಹೆಚ್ಚು ಶ್ರಮಪಡಲಿಲ್ಲ ಎಂದು ಅರಸ ಅದರಲ್ಲಿ ಒಪ್ಪಿಕೊಂಡಿದ್ದಾನೆ. ಶ್ರಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ದಕ್ಕುತ್ತದೆ ಎಂದೂ ಹೇಳಿಸಿದ್ದಾನೆ. ಅಳತೆ ಸಣ್ಣದೆಂಬ ನನ್ನ ಅಳುಕು ಅಲ್ಲಿಗೆ ಹೋಯಿತು, ಶ್ರಮದ ಅಳುಕು ಉಳಿಯಿತು. ಗುಂಡಿ ಒತ್ತುವುದನ್ನು ಕಾಯಕ ಎನ್ನಲು ನನಗೆ ನಾಚಿಕೆ. ಆದರೆ ಎರಡನೆಯ ಕಪ್ ತೊಳೆದು, ಹಿಟ್ಟು ಕಲಸಿ, ಓಣಿಯ ಹುಡುಗನನ್ನು ಕರೆದು, "ಸಿಹಿ ಕಡಿಮಿ ಆಗೈತಜ್ಜಾ" ಎಂದು ಅವನಿಂದ ಅನ್ನಿಸಿಕೊಳ್ಳುವುದಿದೆಯಲ್ಲ, ಅದು ಶ್ರಮವೇ. ಲಿಂಗ ಎಂದೂ ಹಾಗೆ ಅಂದದ್ದಿಲ್ಲ.

ಯಾರೂ ಸಿಗದ ಸಂಜೆ ಕೇಕು ಮಾಡುವುದಿಲ್ಲ. ಯಲಬುರ್ಗಾದ ತಂಗಿ ಕಳಿಸಿದ ಮಾದಲಿ ಡಬ್ಬಿ ತೆಗೆಯುತ್ತೇನೆ. "ಅದನ್ನೂ ಒಬ್ಬನ ತಿಂತಿಯಲ್ಲೋ" ಎಂದು ಮಾಸ್ತರ ಕಾಲೆಳೆಯುತ್ತಾನೆ. ಎಳೆಯಲಿ. ಅದರ ಬೆಲ್ಲ ಕುಟ್ಟಿದವರು, ಕೊಬ್ಬರಿ ತುರಿದವರು ಬೇರೆ. ಆ ಡಬ್ಬಿಯನ್ನು ಖಾಲಿ ತಿರುಗಿಸಿ ಕಳಿಸುವ ಪದ್ಧತಿಯೂ ನಮ್ಮಲ್ಲಿಲ್ಲ. ಈ ಸಲ ಶೇಂಗಾ ಉಂಡಿ ತುಂಬಿ ಕಳಿಸಬೇಕು.