ನೆಟ್ಟ ಮೇಲೆ ನೀರೆರೆಯುವವರು ಯಾರು?

ಸಸಿ ನೆಡಲು ಚಂದಾ ಕೇಳಿದರೆ ನೀವು ಸಂತೋಷದಿಂದ ಕೊಡುತ್ತೀರಿ. ಮುಂದಿನ ಏಪ್ರಿಲ್ ತಿಂಗಳಲ್ಲಿ ಅದೇ ಸಸಿಗೆ ಟ್ಯಾಂಕರ್ ನೀರು ತರಿಸಲು, ಕಾವಲುಗಾರನಿಗೆ ಪಗಾರ ಕೊಡಲು ಕೇಳಿದರೆ ಕೊಡುತ್ತೀರಾ? ಮೊದಲನೆಯದನ್ನು ಪುಣ್ಯವೆಂದೂ ಎರಡನೆಯದನ್ನು ಬರೀ ಖರ್ಚೆಂದೂ ನಾವು ಭಾವಿಸುತ್ತೇವೆ. ಈ ಭೇದ ಸರಿಯೇ?

ವಿಜಯಪುರ ಜಿಲ್ಲೆಯಲ್ಲಿ ಅರಣ್ಯದ ಪ್ರಮಾಣ ಶೇ. 1ಕ್ಕೂ ಕಡಿಮೆ. 2016ರ ಸುಮಾರಿಗೆ ಆರಂಭವಾದ ಕೋಟಿ ವೃಕ್ಷ ಅಭಿಯಾನದಿಂದ ಜಿಲ್ಲೆಯಲ್ಲಿ ಸಸಿ ನೆಡುವ ಉತ್ಸಾಹ ಹೆಚ್ಚಿತು. ಆದರೆ ನೆಡುವುದು ಮಳೆಗಾಲದ ಒಂದು ದಿನದ ಕೆಲಸ. ಪಾತಿ ಮಾಡುವುದು, ಕಳೆ ಕೀಳುವುದು, ಆಡು-ಕುರಿ ಬಾಯಿ ಹಾಕದಂತೆ ಮುಳ್ಳುಬೇಲಿ ಕಟ್ಟುವುದು, ಒಣಹುಲ್ಲಿಗೆ ಬೆಂಕಿ ಬೀಳದಂತೆ ಕಾಯುವುದು, ಸತ್ತ ಸಸಿಯ ಜಾಗದಲ್ಲಿ ಇನ್ನೊಂದನ್ನು ನೆಡುವುದು, ಇವೆಲ್ಲ ವರ್ಷವಿಡೀ ನಡೆಯಬೇಕು. ಈ ಕೆಲಸಕ್ಕೆ ಹಾರವಿಲ್ಲ, ಫೋಟೋ ಇಲ್ಲ.

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರನ್ನು ನೋಡಿರಿ. ಬರ ಬಿದ್ದಾಗ ಸಾಲ ಮಾಡಿಯಾದರೂ ಟ್ಯಾಂಕರ್ ನೀರು ತರಿಸಿ ಬಳ್ಳಿ ಉಳಿಸಿಕೊಳ್ಳುತ್ತಾರೆ. ಏಕೆಂದರೆ ಅದು ಅವರದು. ರಸ್ತೆಬದಿಯ ಬೇವು ಯಾರದು? ‘ಯಾರದೂ ಅಲ್ಲ’ ಎಂಬುದು ನಮ್ಮ ಉತ್ತರ. ‘ಅಲ್ಲಾಹನದು, ನನ್ನ ಬಳಿ ಇರುವ ಅಮಾನತ್ತು’ ಎಂಬುದು ಸತ್ಯವಿಶ್ವಾಸಿಯ ಉತ್ತರವಾಗಬೇಕು. ಮನುಷ್ಯನು ಭೂಮಿಯ ಒಡೆಯನಲ್ಲ, ಖಲೀಫನೆಂದು ಪವಿತ್ರ ಕುರ್‌ಆನ್ ಕಲಿಸುತ್ತದೆ.

ಹಝ್ರತ್ ಉಮರ್(ರ) ಅವರಿಗೆ ಖೈಬರ್‌ನಲ್ಲಿ ಉತ್ತಮ ಜಮೀನು ದೊರೆತಾಗ ಅವರು ಪ್ರವಾದಿವರ್ಯರ(ಸ) ಸಲಹೆ ಕೇಳಿದರು. ಆ ಜಮೀನನ್ನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ವಾರಸುದಾರರು ಹಂಚಿಕೊಳ್ಳುವಂತಿಲ್ಲ. ಅದರ ಉತ್ಪನ್ನ ಬಡವರಿಗೆ, ಬಂಧುಗಳಿಗೆ, ಪ್ರಯಾಣಿಕರಿಗೆ ಸಲ್ಲಬೇಕೆಂದು ವಕ್ಫ್ ಆಯಿತು. ಅದನ್ನು ನೋಡಿಕೊಳ್ಳುವವನು ಮಿತಿಯಲ್ಲಿ ಅದರಿಂದ ಉಣ್ಣಬಹುದೆಂದೂ ಶರ್ತ ಹಾಕಲಾಯಿತು. ಗಮನಿಸಿರಿ, ಆರೈಕೆಯ ಖರ್ಚು ದಾನಕ್ಕೆ ಹೊರತಾದುದಲ್ಲ, ದಾನದೊಳಗೇ ಸೇರಿದೆ.

‘ಬಾಗಿಲಲ್ಲಿ ಹಸಿದವನು ನಿಂತಿರುವಾಗ ಗಿಡಕ್ಕೆ ಹಣವೇ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಝಕಾತ್ ಅದರ ಹಕ್ಕುದಾರರದು, ಅದನ್ನು ಮುಟ್ಟಬಾರದು. ನಾನು ಹೇಳುತ್ತಿರುವುದು ಐಚ್ಛಿಕ ಸದಕಾದ ಮಾತು. ಕಾವಲುಗಾರನ ಪಗಾರವೂ ಒಂದು ಬಡ ಮನೆಯ ಒಲೆ ಹಚ್ಚುತ್ತದಲ್ಲವೇ?

ನಮ್ಮ ನಗರದ ತಾಜ್ ಬಾವಡಿಯನ್ನು 1620ರಲ್ಲಿ ಕಟ್ಟಲಾಯಿತು. ಎಷ್ಟೋ ಜನರ ದಾಹ ತಣಿಸಿದ ಆ ಬಾವಿ ಆರೈಕೆಯಿಲ್ಲದೆ ಹೂಳು, ಕಸದಿಂದ ತುಂಬಿತು. ಅದನ್ನು ಬಹುಕಾಲದ ನಂತರ ಸ್ವಚ್ಛಗೊಳಿಸಬೇಕಾಯಿತು. ಕಟ್ಟಿದವರು ಕಟ್ಟಿದರು, ಅವರ ದಾನ ಹರಿಯುತ್ತಿರುವಂತೆ ಕಾಯುವ ಸರದಿ ನಮ್ಮದಾಗಿತ್ತು.

ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯ, ಪ್ರಾಣಿ, ಪಕ್ಷಿ ತಿಂದರೂ ಅದು ಅವನಿಗೆ ಸದಕಾ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಸಂಕಲ್ಪವನ್ನು ಅಲ್ಲಾಹನು ಬಲ್ಲನು. ಆದರೆ ಒಣಗಿದ ಕೊಂಬೆಯಲ್ಲಿ ಹಕ್ಕಿ ಏನು ತಿಂದೀತು? ಅಲ್ಪವಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಅತ್ಯಂತ ಪ್ರಿಯವೆಂಬುದೂ ಅವರದೇ ಬೋಧನೆ.

ಆದ್ದರಿಂದ ಈ ವರ್ಷ ಹೊಸ ಸಸಿ ನೆಡುವ ಮುನ್ನ, ಹೋದ ವರ್ಷ ನೆಟ್ಟದ್ದನ್ನು ಒಮ್ಮೆ ಹೋಗಿ ನೋಡಿ ಬನ್ನಿರಿ. ಮಕ್ಕಳ ಕೈಗೆ ಒಂದು ಕೊಡ ನೀರು ಕೊಟ್ಟು ಜೊತೆಗೆ ಕರೆದೊಯ್ಯಿರಿ. ಅಮಾನತ್ತನ್ನು ಕಾಯುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.